ಆಯುಧಪೂಜೆಯ ದಿನ ಆರಿಸಿದ ಸರ್ವರ್

ಆಯುಧಪೂಜೆ ಎಂದರೆ ಈಗ ನನಗೆ ಮೈ ಉರಿಯುತ್ತದೆ. ಚನ್ನಗಿರಿಯ ಒಂದು ನರ್ಸಿಂಗ್ ಹೋಮಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನೊಬ್ಬನೇ. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಅದರ ಸಣ್ಣ ಕ್ಲಿನಿಕ್ಕುಗಳಿವೆ. ಅಲ್ಲಿ ಬಸುರಿಯ ಹೊಟ್ಟೆಗೆ ಮಿಷನ್ನಿನ ಪಟ್ಟಿ ಕಟ್ಟಿದರೆ, ಮಗುವಿನ ಎದೆಬಡಿತದ ಗೆರೆ ಇಲ್ಲಿ ನಮ್ಮ ಡಾಕ್ಟರಮ್ಮನ ಪರದೆಯ ಮೇಲೆ ಓಡುತ್ತದೆ. ನಡುವೆ ಇರುವುದು ಒಂದು ಯುನಿಕ್ಸ್ ಸರ್ವರ್. ಕ್ಲಿನಿಕ್ಕುಗಳಿಂದ ಬಂದದ್ದನ್ನು ಡಾಕ್ಟರಮ್ಮನ ಕೋಣೆಗೆ ದಾಟಿಸುವುದೇ ಅದರ ಕೆಲಸ.

ಅದನ್ನು ಕೂರಿಸಿ ಹೋದವನು ಹೊರಗಿನ ಗುತ್ತಿಗೆದಾರ. ಕೂರಿಸಿದಾಗಿನಿಂದ ಅದು ಒಮ್ಮೆಯೂ ಆರಿರಲಿಲ್ಲ. ಹಬ್ಬದ ಬೆಳಿಗ್ಗೆ ಯಜಮಾನರು ತಟ್ಟೆ ಹಿಡಿದು ಬಂದು, ಎಲ್ಲ ಮಿಷನ್ನೂ ಆಫ್ ಮಾಡು ಎಂದರು.

"ಸರ್, ಇದೊಂದು ಬ್ಯಾಡ್ರೀ," ಎಂದೆ.

"ಓಡೋ ಮಿಷನ್ನಿಗೆ ಯಾರಾದ್ರೂ ಪೂಜೆ ಮಾಡ್ತಾರೇನಪ್ಪ? ವರ್ಷಕ್ಕೊಂದಿನ ಅದಕ್ಕೂ ಉಸಿರು ಬಿಡಾಕೆ ಬಿಡು. ಮಂಗಳಾರತಿ ಆದ ಮ್ಯಾಲೆ ಹಚ್ಚಿದ್ರಾತು."

ಸಂಬಳ ಕೊಡುವವರ ಮಾತು. ಆರಿಸಿದೆ. ಒರೆಸಿ, ವಿಭೂತಿ ಎಳೆದು, ಸೇವಂತಿಗೆ ಮುಡಿಸಿ, ಬಾಗಿಲಲ್ಲಿ ಬೂದುಗುಂಬಳ ಒಡೆದರು. ಮತ್ತೆ ಹಚ್ಚಿದಾಗ ಹಸಿರು ದೀಪಗಳೆಲ್ಲ ಬಂದವು. ನಾನು ನೆಮ್ಮದಿಯಾಗಿ ಮಂಡಕ್ಕಿ ತಿನ್ನುತ್ತಾ ಕೂತೆ.

ಮಧ್ಯಾಹ್ನ ಜಗಳೂರಿನಿಂದ ಭಾವನ ಫೋನು. ಅಕ್ಕನನ್ನು ಬಾಣಂತನಕ್ಕೆ ಕರೆತರಲು ಇನ್ನೂ ದಿನ ಇದ್ದವು, ಅಷ್ಟರಲ್ಲೇ ನೋವು ಬಂದಿತ್ತು.

"ನಾನು ದಾವಣಗೆರೆಗೇ ಹೋಗಾಣ ಅಂದೆ ಕಣಪ್ಪ. ನಿಮ್ಮಕ್ಕ ಕೇಳಲಿಲ್ಲ. ಇಲ್ಲಿ ಕ್ಲಿನಿಕ್ಕಿಗೇ ಹೋಗಾಣ, ನನ್ನ ತಮ್ಮ ಅಲ್ಲಿ ಕೂತು ನೋಡ್ತಿರ್ತಾನೆ ಅಂದ್ಲು. ಪಟ್ಟಿ ಕಟ್ಟಿದಾರೆ. ಕಾಣ್ತೈತಾ?"

ಓಡಿದೆ. ಡಾಕ್ಟರಮ್ಮನ ಪರದೆ ಖಾಲಿ.

"ಬಡಿತ ಆಗಾಗ ಇಳೀತೈತೆ ಅಂತಾಳೆ ನರ್ಸ್. ಹೆಂಗೆ ಇಳೀತೈತೆ, ಹೆಂಗೆ ಏಳ್ತೈತೆ ಅಂತ ನಾನೇ ನೋಡ್ಬೇಕು. ನೋಡದೆ ಕಳಿಸಿ ದಾರೀಲಿ ಹೆರಿಗೆ ಆದ್ರೆ ಏನ್ ಮಾಡ್ಲಿ?" ಎಂದರು ಅವರು. ವಿಡಿಯೋ ಕಾಲ್ ಮಾಡಿದರೆ ಚಿತ್ರ ಅಲ್ಲಲ್ಲೇ ಕಲ್ಲಾಗಿ ನಿಲ್ಲುತ್ತಿತ್ತು.

ಸರ್ವರಿನ ಮುಂದೆ ಕೂತೆ. ಅಲ್ಲಿಂದ ಜಗಳೂರಿಗೆ, ಇದ್ದೀಯಾ ಎಂದು ಕೂಗಿ ಕೇಳುವ ಹಾಗೆ, ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಡಾಕ್ಟರಮ್ಮನ ಕಂಪ್ಯೂಟರಿಗೆ ಮಾಡಿದರೂ ಬರುತ್ತದೆ. ಆ ಕಂಪ್ಯೂಟರಿನಿಂದ ಜಗಳೂರಿಗೆ ಮಾಡಿದರೆ ಮಾತ್ರ ಸುದ್ದಿಯೇ ಇಲ್ಲ. ಗಾಬರಿಯಲ್ಲಿ, ವಿಭೂತಿಯ ನೀರು ಕೇಬಲ್ಲಿನ ಬಾಯಿಗೆ ಇಳಿದಿದೆ ಎಂದುಕೊಂಡೆ. ಎಲ್ಲವನ್ನೂ ಕಿತ್ತು, ಪಂಚೆಯ ಅಂಚಿನಿಂದ ಒರೆಸಿ, ಯಜಮಾನರನ್ನು ಮನಸಾರೆ ಬೈಯುತ್ತಾ ಮತ್ತೆ ಸಿಕ್ಕಿಸಿದೆ. ಏನೂ ಆಗಲಿಲ್ಲ. ಭಾವ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದರು. ಎತ್ತಿದರೆ ಹಿಂದಿನಿಂದ ಅಕ್ಕನ ನರಳಾಟ ಕೇಳುತ್ತಿತ್ತು. ಎತ್ತುವುದನ್ನೇ ಬಿಟ್ಟೆ.

ಹೊನ್ನಾಳಿಗೆ ಕೇಳಿದೆ. "ಬೆಳಿಗ್ಗೆಯಿಂದ ನಮ್ದೂ ಹೋಗ್ತಿಲ್ರೀ," ಎಂದರು. ನ್ಯಾಮತಿಯದೂ ಅದೇ ಕಥೆ. ಹಾಗಾದರೆ ಜಗಳೂರಿನದೊಂದೇ ದೋಷವಲ್ಲ, ಸರ್ವರೇ ಯಾರದ್ದನ್ನೂ ದಾಟಿಸುತ್ತಿಲ್ಲ. ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸುವ ಪ್ಯಾಕೆಟ್ ಫಾರ್ವರ್ಡಿಂಗ್ ಎಷ್ಟಿದೆ ಎಂದು ಅದನ್ನೇ ಕೇಳಿದೆ. ಸೊನ್ನೆ ಎಂದಿತು.

ಸೊನ್ನೆ ಎಂದರೆ, ತನ್ನ ಹೆಸರಿಗೆ ಬಂದದ್ದಕ್ಕೆ ಉತ್ತರ ಕೊಡುತ್ತದೆ, ಉಳಿದದ್ದನ್ನು ಬಿಸಾಡುತ್ತದೆ. ಆ ಪುಣ್ಯಾತ್ಮ ಗುತ್ತಿಗೆದಾರ, ದಾಟಿಸು ಎನ್ನುವ ಒಂದನ್ನು ಆ ಹೊತ್ತಿಗಷ್ಟೇ ಹಾಕಿ ಹೋಗಿದ್ದ. ಆರಿಸಿ ಹಚ್ಚಿದರೂ ಉಳಿಯುವಂತೆ ಫೈಲಿನಲ್ಲಿ ಬರೆದಿರಲಿಲ್ಲ. ಅವನ ಕೈ ಸೇದಿಹೋಗಲಿ ಎಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ. ಅವಸರದಲ್ಲಿ ಪಾಸ್‌ವರ್ಡ್ ತಪ್ಪಿತು. ಮತ್ತೆ ಹೊಡೆದು, ಸೊನ್ನೆ ತೆಗೆದು ಒಂದು ಹಾಕಿದೆ.

ಗೆರೆ ಬಂತು. ಅದು ಓಡುತ್ತಿತ್ತು, ಜಾರುತ್ತಿತ್ತು, ಮತ್ತೆ ಕಷ್ಟಪಟ್ಟು ಮೇಲೇಳುತ್ತಿತ್ತು. ಡಾಕ್ಟರಮ್ಮ ಕೂರಲೂ ಇಲ್ಲ. "ಈಗ್ಲೇ ದಾವಣಗೆರೆಗೆ ಕಳಿಸ್ರಿ, ಆಪರೇಶನ್ ಆಗ್ಬೇಕು," ಎಂದು ಫೋನಿನಲ್ಲಿ ಕೂಗಿದರು. ಅಲ್ಲಿ ಪಟ್ಟಿ ಬಿಚ್ಚಿದರು, ಇಲ್ಲಿ ಗೆರೆ ನಿಂತಿತು. ನಾನು ಕೂತು, ಇನ್ನು ಮುಂದೆ ಆರಿದರೂ ಉಳಿಯುವ ಹಾಗೆ ಆ ಒಂದನ್ನು ಫೈಲಿಗೆ ಬರೆದೆ.

ದಾವಣಗೆರೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. ಮೊದಲೇ ಕಂಡಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ನಂಗೂ ಗೊತ್ತಿಲ್ಲಪ್ಪ, ಕೇಳಬ್ಯಾಡ," ಎಂದರು.

ಮರುದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಪಕ್ಕದಲ್ಲಿ ಕೂತ ಮೇಲೆ ತಿರುಗಿದಳು.

"ನಂಗೆ ಮುಖಾನೂ ಸರಿಯಾಗಿ ತೋರಿಸ್ಲಿಲ್ಲ ಕಣೋ. ನೀನು ನೋಡ್ತಿದ್ಯಲ್ಲ, ಅದರ ಎದೆ ಬಡಿಯೋದು? ಮೊದಲಿಂದ ನೋಡ್ತಿದ್ಯಲ್ಲ?"

"ಹೂಂ ಅಕ್ಕ. ಮೊದಲಿಂದ."

"ಹೆಂಗೆ ಬಡೀತಿತ್ತು?"

"ಜೋರಾಗಿ," ಎಂದೆ.

ಅವಳು ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು. "ಹೆಂಗೆ ಅಂತ ತೋರಿಸು." ನಾನು ಬೆರಳಿನಿಂದ ಅವಳ ಅಂಗೈ ಮೇಲೆ ಬಡಿಯತೊಡಗಿದೆ. ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತಾಗಲಿಲ್ಲ.