ಮೊದಲ ರೊಟ್ಟಿಯ ನಾಯಿ

ನಾಯಿ ಕಚ್ಚಿದ ಗಾಯಕ್ಕೆ ನೀರು ಮುಟ್ಟಿಸಬಾರದು ಎಂದು ನಮ್ಮ ಊರ ಕಡೆ ಹೇಳುತ್ತಿದ್ದರು. ನಾಯಿಯ ಹುಚ್ಚು ಹಿಡಿದವರು ನೀರು ಕಂಡರೆ ಹೆದರುತ್ತಾರಲ್ಲ, ಆ ಹುಚ್ಚನ್ನು ಎಬ್ಬಿಸುವುದೇ ನೀರು ಎಂದು ಅವರ ಎಣಿಕೆ. ನಾನೂ ಅದನ್ನೇ ನಂಬಿದ್ದೆ. ನಂಬಿ, ನಿಮ್ಮ ಮುತ್ತಜ್ಜಿಯನ್ನು ಕಳೆದುಕೊಳ್ಳುವುದರಲ್ಲಿದ್ದೆ. ಇದನ್ನೆಲ್ಲ ಬಾಯಲ್ಲಿ ಹೇಳೋಣವೆಂದರೆ ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮೊಮ್ಮಕ್ಕಳೇ, ನೀವು ಕನ್ನಡ ತಡವರಿಸಿ ಓದುತ್ತೀರಿ, ಹಾಗಾಗಿ ಅಕ್ಷರ ದೊಡ್ಡದು ಮಾಡಿದ್ದೇನೆ.

ಎಪ್ಪತ್ತರ ದಶಕ ಆಗ ತಾನೆ ಶುರುವಾಗಿತ್ತು. ನಾವು ಧಾರಾವಿಯ ಒಂದು ಚಾಳಿನಲ್ಲಿದ್ದೆವು. ಒಂದೇ ಖೋಲಿ. ಅದರಲ್ಲಿ ನಾನು, ನಿಮ್ಮ ಅಜ್ಜ, ಅವರ ತಾಯಿ, ಇನ್ನೂ ಸೊಂಟ ಬಿಟ್ಟು ಇಳಿಯದ ನಿಮ್ಮ ಅಪ್ಪ. ಅಜ್ಜ ಕಾಂದಿವಲಿಯಲ್ಲಿ ಕಾರ್ಖಾನೆ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದರು. ನಸುಕಿನ ಲೋಕಲ್ ರೈಲು ಹಿಡಿದರೆ ದೀಪ ಹಚ್ಚಿದ ಮೇಲೆಯೇ ಬರುವರು. ಹಗಲೆಲ್ಲ ನಾನು ಮತ್ತು ಅತ್ತೆ. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನಾನು ಅತ್ತೆಯ ಮುಖ ನೋಡಿ ಮಾತಾಡಿದವಳಲ್ಲ. ತಲೆಯ ಮೇಲಿನ ಸೆರಗು ಎಳೆದುಕೊಂಡು, ನೆಲ ನೋಡುತ್ತ, ‘ಹೂಂ ರೀ’ ಅನ್ನುವುದಷ್ಟೇ.

ಹಂಚಿನಿಂದ ಇಳಿದ ಮೊದಲ ಜೋಳದ ರೊಟ್ಟಿ ಮನೆಯವರಿಗಲ್ಲ ಎನ್ನುವುದು ಅತ್ತೆಯ ಪದ್ಧತಿ. ಊರಲ್ಲಿ ಅದು ಆಕಳಿಗೆ ಹೋಗುತ್ತಿತ್ತು. ಚಾಳಿನಲ್ಲಿ ಆಕಳು ಎಲ್ಲಿಂದ ಬರಬೇಕು? ತೊಗಲಿನ ಕಾರ್ಖಾನೆಯ ಹಿಂದೆ ಮಲಗುತ್ತಿದ್ದ ಒಂದು ಕಂದು ಬಣ್ಣದ ಹೆಣ್ಣುನಾಯಿಗೆ ಆ ರೊಟ್ಟಿ ಹೋಗತೊಡಗಿತು. ಅತ್ತೆ ಅದನ್ನು ಬಿಸಾಕುತ್ತಿರಲಿಲ್ಲ, ಹೊಸ್ತಿಲಲ್ಲಿ ಕುಳಿತು ಕೈಯಾರೆ ತಿನ್ನಿಸುತ್ತಿದ್ದಳು. ಬಿಸಾಕಿದರೆ ಅದು ದಾನವಲ್ಲ, ಕಸ ಎನ್ನುತ್ತಿದ್ದಳು.

ಒಂದು ಮುಂಜಾನೆ ಆ ನಾಯಿ ರೊಟ್ಟಿಯ ಜೊತೆಗೆ ಅತ್ತೆಯ ಕೈಯನ್ನೂ ಹಿಡಿಯಿತು. ಹೆಬ್ಬೆರಳ ಬುಡದ ಮಾಂಸದಲ್ಲಿ ಎರಡು ಹಲ್ಲು ಇಳಿದವು. ಕಚ್ಚಿದ್ದು ಓಡಿಹೋಗಲಿಲ್ಲ, ತೂಗಾಡುತ್ತ ನಿಂತು ಅತ್ತೆಯನ್ನೇ ನೋಡಿತು. ಮರಿ ಹಾಕಿದ ತಾಯಿ, ಯಾರದೋ ಹೆದರಿಕೆ ಇರಬೇಕು ಎಂದು ಅತ್ತೆ ಅದನ್ನೇ ಸಮಾಧಾನ ಮಾಡಿದಳು. ನಾನು ತಂಬಿಗೆಯಲ್ಲಿ ನೀರು ತಂದೆ. ನೀರು ತರಬೇಡ, ಖಾರಪುಡಿ ಸುಣ್ಣ ತಾ ಎಂದಳು. ನಾನು ತಂಬಿಗೆಯನ್ನು ಕೆಳಗಿಟ್ಟೆ. ಗಾಯಕ್ಕೆ ಖಾರಪುಡಿ, ಸುಣ್ಣ ಮೆತ್ತಿ ಅರಿವೆ ಕಟ್ಟಿದವಳು ನಾನೇ.

ಸಂಜೆ ನಿಮ್ಮ ಅಜ್ಜ ಕಟ್ಟು ನೋಡಿದರು. ದವಾಖಾನೆಗೆ ಹೋಗೆಂದು ಅವ್ವನಿಗೆ ಯಾರು ಹೇಳಬೇಕು ಎನ್ನುವುದೇ ಅವರ ಮುಖದ ಮೇಲಿತ್ತು. ನನಗೆ ಮಾತ್ರ ಆ ನಾಯಿ ತೂಗಾಡಿದ್ದು ಕಣ್ಣಿಂದ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಸೀಮೆಎಣ್ಣೆ ತರುತ್ತೇನೆಂದು ಸುಳ್ಳು ಹೇಳಿ, ಕೂಸನ್ನು ಎತ್ತಿಕೊಂಡು ಮುನಿಸಿಪಾಲ್ಟಿ ದವಾಖಾನೆಗೆ ಹೋದೆ. ಅಲ್ಲಿಯವರೆಗೆ ನಾನು ಒಬ್ಬಳೇ ದಾಟಿದ ಅತಿ ದೂರದ ಜಾಗ ನಳದ ಕಟ್ಟೆ. ಸಾಲಿನಲ್ಲಿ ಮೂರು ಸಲ ಹಿಂದೆ ಸರಿದೆ. ನಾಲ್ಕನೆಯ ಸಲ ನರ್ಸೇ ಕರೆದರು. ಹಿಂದಿ ಬರದೆ ನಾನು ತೊದಲಿದ್ದು ಕೇಳಿ ಅವರು ಕನ್ನಡಕ್ಕೆ ತಿರುಗಿದರು. ಮಂಗಳೂರ ಕಡೆಯವರು.

ಗಾಯ ತೊಳೆದಿರಾ ಎಂದು ಮೊದಲು ಕೇಳಿದರು. ಇಲ್ಲವೆಂದಾಗ ಬಯ್ಯಲಿಲ್ಲ, ಪೆನ್ನು ಕೆಳಗಿಟ್ಟರು. “ನಾಯಿಯ ಎಂಜಲಲ್ಲಿ ಕಣ್ಣಿಗೆ ಕಾಣದ ಒಂದು ರೋಗ ಉಂಟು ಮಾರಾಯ್ತಿ. ಅದು ಗಾಯದಿಂದ ನರ ಹಿಡಿದು ತಲೆಗೆ ಹೋಗ್ತದೆ. ಓಡುವುದಿಲ್ಲ, ಮೆಲ್ಲಗೆ ನಡೀತದೆ. ಅದು ಮುಟ್ಟುವ ಮೊದಲು ನಾವು ಮುಟ್ಟಬೇಕು. ಅದು ಮುಟ್ಟಿದ ಮೇಲೆ ಯಾವ ಡಾಕ್ಟ್ರ ಹತ್ರವೂ ಮದ್ದಿಲ್ಲ.”

ಈಗಲೇ ಹೋಗಿ ಸೋಪು ಹಚ್ಚಿ, ನೀರು ಸುರಿದು ಸುರಿದು ತೊಳೆಯಿರಿ ಎಂದರು. ಇವತ್ತೇ ದೊಡ್ಡಾಸ್ಪತ್ರೆಗೆ ಕರೆತನ್ನಿ, ನನ್ನ ಪಾಳಿ ಮಧ್ಯಾಹ್ನ ಅಲ್ಲೇ. ಹೊಟ್ಟೆಗೆ ಹದಿನಾಲ್ಕು ಸೂಜಿ, ದಿನಕ್ಕೊಂದು, ಒಂದೂ ತಪ್ಪಬಾರದು. ನಾಯಿಯನ್ನು ಹೊಡೆದು ಕೊಲ್ಲಬೇಡಿ, ದೂರದಿಂದ ಅದರ ಮೇಲೆ ಕಣ್ಣಿಡಿ ಎಂದೂ ಹೇಳಿದರು.

ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದದ್ದು ನಾನು ಕೆಳಗಿಟ್ಟ ಆ ತಂಬಿಗೆ.

ಅತ್ತೆ ಒಪ್ಪಲಿಲ್ಲ. ಪರಗಂಡಸಿನ ಮುಂದೆ ಹೊಟ್ಟೆ ತೆರೆಯುವುದಕ್ಕಿಂತ ಸಾಯುವುದು ಮೇಲು ಎಂದಳು. ಅದು ಮೇಲುಮಾತು. ಒಳಗಿನದು ಆಮೇಲೆ ಬಂತು. “ದಿನಾ ನನ್ನ ಕೈಯಾಗಿಂದ ತಿಂದೈತಿ. ಅದು ನನ್ನ ಕೊಲ್ಲತೈತೇನ? ನಾ ಸೂಜಿ ಮಾಡಿಸಿಕೊಂಡ್ರ ಅದನ್ನ ನಿಯತ್ತಗೇಡಿ ಅಂದಂಗಾತು.”

ಆಗ ನನಗೆ ತಿಳಿಯಿತು, ಅವಳ ಹೆದರಿಕೆ ಸೂಜಿಯದಲ್ಲ. ಸೆರಗು ಹಿಂದೆ ಸರಿಸಿ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಗಲ್ಲದ ಮೇಲಿನ ಹಚ್ಚೆಯ ಮೂರು ಚುಕ್ಕಿಗಳನ್ನು ನಾನು ಅಂದೇ ಸರಿಯಾಗಿ ಕಂಡದ್ದು.

“ನಾಯಿ ನಿಯತ್ತ ಬಿಟ್ಟಿಲ್ರೀ ಅತ್ತಿ. ಅದಕ್ಕ ಜಡ್ಡ ಆಗೈತಿ. ಅದರ ಜಡ್ಡ ಈಗ ನಿಮ್ಮ ಕೈಯಾಗ ಐತಿ. ಅದಕ್ಕ ಬಾಯಿ ಬಂದಿದ್ರ, ಲಗೂನ ದವಾಖಾನಿಗೆ ಹೋಗ್ರಿ ಅಂತ ಅದ ಹೇಳತಿತ್ತು.”

“ಇಷ್ಟ ಮಾತ ಇಷ್ಟ ದಿನಾ ಎಲ್ಲಿ ಮುಚ್ಚಿಟ್ಟಿದ್ದಿ?” ಎಂದು ಅತ್ತೆ ಕೇಳಿ, ಕಟ್ಟು ಬಿಚ್ಚೆಂದು ಕೈಯನ್ನು ನನ್ನ ಮುಂದೆ ಚಾಚಿದಳು.

ನಳ ನಿಂತುಹೋಗಿತ್ತು, ಮತ್ತೆ ನೀರು ಬರುವುದು ಮರುದಿನವೇ. ಮನೆಯಲ್ಲಿದ್ದದ್ದು ಕುಡಿಯುವ ನೀರಿನ ಎರಡು ಕೊಡ. ಬಟ್ಟೆ ಒಗೆಯುವ ಸೋಪಿನ ತುಂಡು ಹಿಡಿದು ಎರಡು ಕೊಡವನ್ನೂ ಆ ಒಂದು ಕೈಯ ಮೇಲೆ ಸುರಿದೆ. ಸುಣ್ಣ ಗಾಯದೊಳಗೇ ಗಟ್ಟಿಯಾಗಿತ್ತು. ಅತ್ತೆ ಹಲ್ಲು ಕಚ್ಚಿ ಕುಳಿತಿದ್ದಳು. ಪಕ್ಕದ ಖೋಲಿಯ ಹೆಂಗಸು ಬಾಗಿಲಲ್ಲಿ ನಿಂತು, ಸೊಸೆ ಅತ್ತೆಗೆ ವಿಷ ಕುಡಿಸಿ ಕೊಲ್ಲುವುದನ್ನು ಕೇಳಿದ್ದೆ, ನೀರು ಹೊಯ್ದು ಕೊಲ್ಲುವುದನ್ನು ಈಗ ನೋಡಿದೆ ಎಂದಳು. ನಾನು ತಲೆ ಎತ್ತಲಿಲ್ಲ, ಕೈ ನಿಲ್ಲಿಸಲೂ ಇಲ್ಲ.

ದೊಡ್ಡಾಸ್ಪತ್ರೆಗೆ ನಡೆದೇ ಹೋದೆವು. ಸೂಜಿ ಹಾಕುವ ಡಾಕ್ಟರು ಗಂಡಸು. ಅತ್ತೆ ಬಾಗಿಲಲ್ಲೇ ತಿರುಗಿದಳು. ನಾನು ನನ್ನ ಸೆರಗನ್ನು ಪೂರ್ತಿ ಬಿಚ್ಚಿ ಅವಳ ಮುಂದೆ ಪರದೆಯಂತೆ ಹಿಡಿದೆ. ಡಾಕ್ಟರು ಔಷಧ ತುಂಬಿಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು, ಚುಚ್ಚಿದ್ದು ಆ ಮಂಗಳೂರ ನರ್ಸು. ಹದಿನಾಲ್ಕು ದಿನವೂ ಹಾಗೇ.

ಸೂಜಿಯ ಎರಡನೆಯ ದಿನ ಮೊದಲ ರೊಟ್ಟಿಯನ್ನು ನಾನು ದೂರದ ಕಲ್ಲಿನ ಮೇಲೆ ಇಟ್ಟು ಬಂದೆ. ನಾಯಿ ಬಂತು, ಬಾಯಿ ಹಾಕಿತು, ರೊಟ್ಟಿ ಕೆಳಗೆ ಬಿತ್ತು. ಮತ್ತೆ ಎತ್ತಿತು, ಮತ್ತೆ ಬಿತ್ತು. ದವಡೆ ಜೋತುಬಿದ್ದು ಜೊಲ್ಲು ದಾರದಂತೆ ಇಳಿಯುತ್ತಿತ್ತು. ಅತ್ತೆ ಹೊಸ್ತಿಲಲ್ಲಿ ಕುಳಿತು ಎಲ್ಲವನ್ನೂ ನೋಡಿದಳು. “ನುಂಗಾಕ ಬರವಲ್ದು ಅದಕ್ಕ” ಎಂದಳು. ಅಂದೇ ಮುನಿಸಿಪಾಲ್ಟಿಗೆ ಸುದ್ದಿ ಮುಟ್ಟಿಸಿದೆ. ಅವರ ಗಾಡಿ ಬರುವಷ್ಟರಲ್ಲಿ ನಾಯಿ ಸತ್ತಿತ್ತು, ಮರಿಗಳನ್ನೂ ಒಯ್ದರು. ಅತ್ತೆ ಅವತ್ತು ಊಟ ಮಾಡಲಿಲ್ಲ.

ಆಮೇಲೆ ಅವಳನ್ನು ಹೊರಡಿಸುವುದು ಕಷ್ಟವಾಗಲಿಲ್ಲ, ಹತ್ತನೆಯ ದಿನ ಬಿಟ್ಟು. ಅಂದು ಅವಳಿಗೆ ಜ್ವರ. ಹೊಕ್ಕುಳ ಸುತ್ತ ಬಾತು ಗಟ್ಟಿಯಾಗಿತ್ತು. ಒಂಬತ್ತು ಸಾಕು, ಐದು ದೇವರಿಗೆ ಬಿಡು ಎಂದಳು. ಕೂಸನ್ನು ಸೊಂಟಕ್ಕೇರಿಸಿ ಅವಳ ಚಪ್ಪಲಿ ತಂದು ಮುಂದಿಟ್ಟು ಬಾಗಿಲಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆನೋ. ಕೊನೆಗೆ ಆಕೆ, “ಮೂಕಿ ಅಂತ ತಂದೀನಿ, ಪೊಲೀಸ ಆಗಿ ನಿಂತಾಳ” ಎಂದು ಗೊಣಗುತ್ತ ಚಪ್ಪಲಿ ಮೆಟ್ಟಿದಳು.

ಹದಿನಾಲ್ಕೂ ಮುಗಿದವು. ಆದರೆ ರೋಗ ತಿಂಗಳುಗಟ್ಟಲೆ ಅಡಗಿ ಕೂಡಬಹುದು ಎಂದು ನರ್ಸ್ ಮೊದಲೇ ಹೇಳಿದ್ದರು. ನಾನು ದಿನಾ ಬೆಳಿಗ್ಗೆ ಅತ್ತೆಗೆ ನೀರಿನ ತಂಬಿಗೆ ಕೊಟ್ಟು ಅವಳ ಗಂಟಲನ್ನೇ ನೋಡುತ್ತಿದ್ದೆ. ಅವಳಿಗೆ ಅದು ಗೊತ್ತಿತ್ತು. ಬೇಕೆಂದೇ ಗಟಗಟ ಸದ್ದು ಮಾಡಿ ಕುಡಿದು, “ಇಳೀತ ನೋಡವ್ವ, ಇನ್ನ ಭಾಂಡಿ ತಿಕ್ಕ” ಎನ್ನುತ್ತಿದ್ದಳು. ಹೀಗೆ ಒಂದು ಮಳೆಗಾಲ ಕಳೆಯಿತು. ಮೊದಲ ರೊಟ್ಟಿ ತಪ್ಪಲಿಲ್ಲ, ಬೇರೆ ನಾಯಿಗಳು ತಿಂದವು. ಆದರೆ ಕೈಯಿಂದಲ್ಲ, ಆ ಕಲ್ಲಿನ ಮೇಲಿಂದ.

ಈಗ ಸೂಜಿ ತೋಳಿಗೆ, ಅದೂ ಕೆಲವೇ. ನಾಯಿಗಳಿಗೂ ಮೊದಲೇ ಹಾಕಿಸುತ್ತಾರೆ. ನಿಮ್ಮ ಬಿಲ್ಡಿಂಗಿನ ಕೆಳಗೆ ನೀವು ಬಿಸ್ಕೀಟು ಹಾಕುವ ನಾಯಿಗೆ ಹಾಕಿಸಿದ್ದಾರೋ ಇಲ್ಲವೋ ಕೇಳಿ ತಿಳಿಯಿರಿ. ಅದು ಪರಚಿದರೂ ಮನೆಯಲ್ಲಿ ಬಯ್ಯುತ್ತಾರೆಂದು ಮುಚ್ಚಿಡಬೇಡಿ.

ಆ ಮಳೆಗಾಲ ಕಳೆದು ಬಂದ ಚಳಿಗಾಲದಲ್ಲಿ ತೊಗಲಿನ ಕಾರ್ಖಾನೆಯ ಕೆಲಸಗಾರನೊಬ್ಬನಿಗೆ ನಳದ ಹೊತ್ತಿನಲ್ಲೇ ನಾಯಿ ಮೀನಖಂಡಕ್ಕೆ ಕಚ್ಚಿತು. ಸಾಲಿನಲ್ಲಿದ್ದ ಹೆಂಗಸರು ಖಾರಪುಡಿಗೆ ಓಡಿದರು. ಅತ್ತೆ ತುಂಬುತ್ತಿದ್ದ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಅವನ ಕಾಲನ್ನು ನಳದ ಕೆಳಗೆ ಹಿಡಿದು ಸೋಪು ತಿಕ್ಕತೊಡಗಿದಳು. ನೀರು ಮುಟ್ಟಿಸಬೇಡ, ಸಾಯುತ್ತಾನೆ ಎಂದು ಅದೇ ಪಕ್ಕದ ಖೋಲಿಯವಳು ಕೂಗಿದಳು.

“ನಾ ಸತ್ತೇನೇನ? ಸರದ ನಿಂದರ” ಎಂದಳು ಅತ್ತೆ. ನೀರು ನಿಲ್ಲುವವರೆಗೂ ತೊಳೆದಳು. ಅಂದು ನಮ್ಮ ಸಾಲಿನಲ್ಲಿ ಅರ್ಧ ಜನಕ್ಕೆ ನೀರು ಸಿಗಲಿಲ್ಲ. ಆಮೇಲೆ ನನ್ನ ಕಂಕುಳಿಂದ ಕೂಸನ್ನು ತೆಗೆದುಕೊಂಡು, ಇವನನ್ನು ದವಾಖಾನೆಗೆ ಕರೆದುಕೊಂಡು ಹೋಗು, ದಾರಿ ಗೊತ್ತಿರುವುದು ನಿನಗೇ ಎಂದಳು.

ಅವನು ಕುಂಟುತ್ತ ಹಿಂದೆ ಬಂದ, ನಾನು ಮುಂದೆ ನಡೆದೆ.