ಸ್ನಾನದ ತೊಟ್ಟಿಯ ಗುಂಡಪ್ಪ

ಮನೆಯಿಂದ ಹೊರಡುವ ಮುನ್ನ ಶಿವರಾಜ ಒಲೆಯ ಗುಂಡಿಗಳನ್ನು ಎರಡು ಸಲ ಮುಟ್ಟಿ ನೋಡುತ್ತಿದ್ದ. ಗರಾಜಿನ ಬಾಗಿಲು ಪೂರ್ತಿ ಕೆಳಗಿಳಿಯುವವರೆಗೆ ಕಾರನ್ನು ರಸ್ತೆಯಲ್ಲೇ ನಿಲ್ಲಿಸಿಕೊಂಡು ಕಾಯುತ್ತಿದ್ದ. ಫ್ರೀವೇ ಹತ್ತಿದ ಮೇಲೂ ಅನುಮಾನ ಬಂದು ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಅಮೆರಿಕದ ಡಬ್ಲಿನ್ ಊರಿನ ಮನೆಗೆ ಮರಳಿ ಬಂದು ಒಲೆ ನೋಡಿ, ಸಾಂಟಾ ಕ್ಲಾರಾದ ಆಫೀಸಿಗೆ ಒಂದು ಗಂಟೆ ತಡವಾಗಿ ಹೋದದ್ದೂ ಉಂಟು. ಗದಗಿನ ಹತ್ತಿರದ ಹಳ್ಳಿಯವನು. ಮನೆತನದಲ್ಲಿ ಡಿಗ್ರಿ ಕಂಡವರಲ್ಲಿ ಮೊದಲಿಗ. ಒಂದು ಕಾಗದ ಕಡಿಮೆ ಬಿದ್ದರೆ ಎಲ್ಲ ಮುಗಿಯಿತು ಎಂಬ ಹೆದರಿಕೆ ಹಾಸ್ಟೆಲಿನ ಅರ್ಜಿ ತುಂಬಿದ ದಿನ ಅವನೊಳಗೆ ಹೊಕ್ಕಿತ್ತು. ನಲವತ್ತು ದಾಟಿದರೂ ಹೊರಗೆ ಹೋಗಿರಲಿಲ್ಲ.

ಇಂಥವನು ಹೆದರಿ ಹೆದರಿಯೇ ಮಾಡಿದ ತಪ್ಪು ಎಂದರೆ ಪೋಲೆಂಡು.

ಹೆಂಡತಿ ನಿವೇದಿತಾಳ ತಂಗಿ ಮಾಧುರಿಯ ಮದುವೆ ಫೆಬ್ರವರಿ ಎರಡನೆಯ ವಾರ ಹುಬ್ಬಳ್ಳಿಯಲ್ಲಿ ಗೊತ್ತಾಗಿತ್ತು. ನಿವೇದಿತಾಳ ಪಾಸ್‌ಪೋರ್ಟಿನಲ್ಲಿದ್ದ ಅಮೆರಿಕದ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಇಲ್ಲೇ ಇದ್ದು ಕೆಲಸ ಮಾಡಲು ಅಡ್ಡಿಯಿಲ್ಲ, ಆದರೆ ದೇಶ ಬಿಟ್ಟು ಹೊರಗೆ ಹೋದರೆ ಹೊಸ ಮುದ್ರೆಯಿಲ್ಲದೆ ಮರಳಿ ಬರುವಂತಿಲ್ಲ. ಊರಿಗೆ ಹೋದಾಗಲೇ ಹಾಕಿಸಿದರಾಯಿತು ಎಂದು ಅವಳು ಹೇಳಿದಳು. ಅಲ್ಲಿ ಸಂದರ್ಶನದ ದಿನ ಸಿಗದೆ ತಿಂಗಳುಗಟ್ಟಲೆ ಸಿಕ್ಕಿಬಿದ್ದವರ ಹೆಸರುಗಳನ್ನು ಇವನು ಬೆರಳು ಮಡಚಿ ಎಣಿಸಿದ. ಪೋಲೆಂಡಿನ ಕ್ರಾಕೋವ್ ಊರಿನಲ್ಲಾದರೆ ನವೆಂಬರಿನಲ್ಲೇ ದಿನ ಸಿಗುತ್ತದೆ, ನಾಲ್ಕು ದಿನದ ಕೆಲಸ ಎಂದು ಆಫೀಸಿನವರು ಹೇಳಿದ್ದರು. ಐದು ಬಣ್ಣದ ಚೀಟಿ ಅಂಟಿಸಿದ ಫೈಲು ಅವಳ ಕೈಗಿಟ್ಟು ವಿಮಾನ ಹತ್ತಿಸಿದ. ಫೈಲಿನಲ್ಲಿ ಒಂದು ಕಾಗದವೂ ಕಡಿಮೆ ಇರಲಿಲ್ಲ. ವೀಸಾ ಕಚೇರಿಯವರು ಮೂರು ಪ್ರಶ್ನೆ ಕೇಳಿದರು. ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷಿಸುವ ಅವಳ ಕೆಲಸದ ಬಗ್ಗೆ ಇನ್ನಷ್ಟು ಪರಿಶೀಲನೆ ಬೇಕೆಂದರು. ಪಾಸ್‌ಪೋರ್ಟ್ ಇಟ್ಟುಕೊಂಡು ಒಂದು ಚೀಟಿ ಕೊಟ್ಟು ಕಳಿಸಿದರು. ಎಷ್ಟು ದಿನ ಎಂದು ಚೀಟಿಯಲ್ಲಿ ಬರೆದಿರಲಿಲ್ಲ.

ಪೋಲೆಂಡಿನಲ್ಲಿ ಇರಲು ಅವಳಿಗಿದ್ದ ಅನುಮತಿ ತೊಂಬತ್ತು ದಿನ. ಫೆಬ್ರವರಿ ಏಳಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಬರದಿದ್ದರೆ ಪಾಸ್‌ಪೋರ್ಟನ್ನು ಹಾಗೆಯೇ ವಾಪಸು ಕೇಳಿ ಪಡೆದು ಭಾರತಕ್ಕೆ ಹೋಗಬೇಕು, ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು. ಆರು ತಿಂಗಳೋ, ವರ್ಷವೋ. ಐದೂವರೆ ವರ್ಷದ ಮಗಳು ನಿಹಾರಿಕಾ ಅಷ್ಟರಲ್ಲಿ ತಾಯಿಯನ್ನು ಫೋನಿನೊಳಗಿನ ಮುಖ ಎಂದೇ ತಿಳಿದುಬಿಟ್ಟರೆ? ಈ ಒಂದು ಯೋಚನೆ ಬಂದಾಗ ಶಿವರಾಜ ಎದ್ದು ಹೋಗಿ ಒಲೆಯ ಗುಂಡಿ ಮುಟ್ಟಿ ನೋಡುತ್ತಿದ್ದ.

ಮಗಳು ಕೇಳಿದಾಗೆಲ್ಲ ಅವನು, ಬರೋ ಶುಕ್ರವಾರ ಬರ್ತಾಳ ಎನ್ನುತ್ತಿದ್ದ. ಬಾಯಿಗೆ ಅದೇ ಬರುತ್ತಿತ್ತು.

ಆರು ತಿಂಗಳಿಗೆಂದು ಊರಿನಿಂದ ಬಂದಿದ್ದ ಅವನ ತಾಯಿ ಬಂಗಾರೆವ್ವ ಮನೆಯಲ್ಲಿದ್ದುದರಿಂದ ಅಡುಗೆ ನಡೆಯುತ್ತಿತ್ತು. ಉಳಿದದ್ದೆಲ್ಲ ಬೆಳಗಿನ ಏಳು ಗಂಟೆಗಾಗಿ ಕಾಯುವುದು. ಇಲ್ಲಿ ಬೆಳಗ್ಗೆ ಏಳಾದರೆ ಅಲ್ಲಿ ಸಂಜೆ ನಾಲ್ಕು. ಡಿಸೆಂಬರಿನಲ್ಲಿ ಅಷ್ಟು ಹೊತ್ತಿಗೇ ಅಲ್ಲಿ ಸೂರ್ಯ ಮುಳುಗಿರುತ್ತಿದ್ದ. ಇಲ್ಲಿ ಇನ್ನೂ ಹುಟ್ಟಿರುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಗೆ ಫೋನು ಒರಗಿಸಿಟ್ಟು ಮೂವರೂ ಕೂರುತ್ತಿದ್ದರು. ದಿನಕ್ಕೊಂದು ಮಜಾ ತೋರಿಸುತ್ತೇನೆ ಎಂದು ನಿವೇದಿತಾ ಮಗಳಿಗೆ ಮಾತು ಕೊಟ್ಟಿದ್ದಳು. ಅವಳು ಕೊಟ್ಟ ಮಾತು ಅದೊಂದೇ.

ಒಂದು ದಿನ ಕಿಟಕಿಯ ಕಟ್ಟೆಯ ಮೇಲೆ ಗೇಣುದ್ದದ ಹಿಮದ ಮನುಷ್ಯ, ಮೆಣಸಿನ ಕಾಳಿನ ಕಣ್ಣು. ಇನ್ನೊಂದು ದಿನ ಮಂಜುಗಡ್ಡೆಯ ಮೈದಾನದಲ್ಲಿ ಜಾರುವ ಆಟ: ಬೀಳದಂತೆ ಹಿಡಿದುಕೊಳ್ಳಲು ಪುಟ್ಟ ಮಕ್ಕಳಿಗೆ ಕೊಡುವ ಪ್ಲಾಸ್ಟಿಕ್ ಪೆಂಗ್ವಿನ್ನನ್ನು ಅವಚಿಕೊಂಡು ಮೂವತ್ತಾರರ ನಿವೇದಿತಾ ನಿಂತಿದ್ದಳು, ಸುತ್ತ ನಾಲ್ಕು ವರ್ಷದವರು ಸರ್ರನೆ ಸುತ್ತುತ್ತಿದ್ದರು. ಮತ್ತೊಂದು ದಿನ ಎಲೆಕೋಸು ತುಂಬಿದ ಅಲ್ಲಿನ ಕಡುಬು. ಅಂಚು ಹಿಡಿಯುವುದನ್ನು ನೋಡಿದ ಬಂಗಾರೆವ್ವ, ಆಕೆಗೆ ಕಡುಬು ಕಟ್ಟಲು ಬರುವುದಿಲ್ಲ, ಒಡೆಯುತ್ತದೆ ಎಂದು ತೀರ್ಪು ಕೊಟ್ಟಳು. ಆಕೆ ಎಂದರೆ ಹಲಿನಾ. ನಿವೇದಿತಾ ಬಾಡಿಗೆಗಿದ್ದ ಕೋಣೆಯ ಒಡತಿ, ಗಂಡ ತೀರಿಹೋದ ಎಪ್ಪತ್ತರ ಮುದುಕಿ. ಇಂಗ್ಲಿಷು ಬಾರದು. ಇಬ್ಬರೂ ಫೋನಿನ ಅನುವಾದದಲ್ಲಿ ಮಾತಾಡುತ್ತಿದ್ದರು.

ಶಿವರಾಜ ಮಾತ್ರ ಮಜಾ ನೋಡುತ್ತಿರಲಿಲ್ಲ. ಹೆಂಡತಿಯ ಹಿಂದಿನ ಗೋಡೆ ನೋಡುತ್ತಿದ್ದ. ತೇವದ ಕಲೆ ದೊಡ್ಡದಾಗಿದೆಯೇ? ಮೊನ್ನೆಯಿಂದ ಅದೇ ಸ್ವೆಟರೇ? ಕೆನ್ನೆ ಇಳಿದಿದೆಯೇ? ಜಾರಿ ಬಿದ್ದು ಕಾಲು ಮುರಿದುಕೊಂಡರೆ ಯಾವ ಆಸ್ಪತ್ರೆ?

ಡಿಸೆಂಬರ್ ಇಪ್ಪತ್ತೆರಡಕ್ಕೆ ಮಜಾ ಸ್ನಾನದ ಮನೆಯಲ್ಲಿತ್ತು. ತೊಟ್ಟಿಯ ತುಂಬ ನೀರು. ನೀರಿನಲ್ಲಿ ಮೊಳದುದ್ದದ ದಪ್ಪ ಮೀನು ಬಾಯಿ ಬಿಡುತ್ತ ಮುಚ್ಚುತ್ತ ತಿರುಗುತ್ತಿತ್ತು. ಕ್ರಿಸ್ಮಸ್ಸಿಗೆ ಜೀವಂತ ಮೀನು ತಂದು ಎರಡು ದಿನ ತೊಟ್ಟಿಯಲ್ಲಿ ಬಿಡುವುದು ಅಲ್ಲಿ ಹಳೆಯ ಪದ್ಧತಿಯಂತೆ. ನಿಹಾರಿಕಾ ಕುರ್ಚಿಯ ಮೇಲೆ ಎದ್ದು ನಿಂತಳು. ಹೆಸರೇನು ಎಂದಳು. ಹೆಸರಿಲ್ಲ, ನೀನೇ ಇಡು ಎಂದಳು ತಾಯಿ. ಮಗಳು ಅಜ್ಜಿಯ ಮುಖ ನೋಡಿದಳು. ಬಂಗಾರೆವ್ವ ಆಗಷ್ಟೇ ವಿಭೂತಿ ಹಚ್ಚಿಕೊಂಡು ಬಂದಿದ್ದಳು.

“ಜಳಕದ ಮನ್ಯಾಗ ಮೀನಾ?” ಎಂದಳು. “ನಿವೇದಿತಾ, ನೀ ಜಳಕಾ ಎಲ್ಲಿ ಮಾಡ್ತಿ?”

“ಬಾಜೂಕ ನಿಂತು, ಬಕೀಟು ಚಂಬು ತೊಗೊಂಡು, ಅತ್ತಿ. ಅವಾ ನೋಡ್ತಿರ್ತಾನ.”

“ನಾಚಿಗಿ ಇಲ್ಲೇನ ಆ ಗುಂಡಪ್ಪಗ?”

ಹೆಸರು ಹಾಗೆ ಬಿತ್ತು. ನಿಹಾರಿಕಾ ಬಿದ್ದು ಬಿದ್ದು ನಕ್ಕಳು. ತಾಯಿ ಹೋದ ಮೇಲೆ ಅಷ್ಟು ನಕ್ಕಿರಲಿಲ್ಲ. ಶಾಲೆಗೆ ರಜೆಯಿದ್ದ ಆ ದಿನವೆಲ್ಲ ಗುಂಡಪ್ಪನ ಚಿತ್ರ ಬರೆದಳು, ಸಿಂಕಿನಲ್ಲಿ ನೀರು ತುಂಬಿಸಿ ಗುಂಡಪ್ಪನ ಹಾಗೆ ಬಾಯಿ ಬಿಟ್ಟಳು. ಆದರೆ ಶಿವರಾಜ ಆಗಲೇ ಹುಡುಕಿ ಓದಿಬಿಟ್ಟಿದ್ದ. ಇಪ್ಪತ್ತನಾಲ್ಕರ ಸಂಜೆ ಮೊದಲ ನಕ್ಷತ್ರ ಕಂಡ ಮೇಲೆ ಊಟ. ಆ ಊಟದ ತಟ್ಟೆಯಲ್ಲಿ ಈ ಮೀನು. ಹೊಳೆಗೆ ಬಿಟ್ಟೆವು ಎಂದು ಹೇಳು ಎಂದು ಹೆಂಡತಿಗೆ ಮೂರು ಸಲ ಮೆಸೇಜು ಹಾಕಿದ. ಅವಳು ಉತ್ತರಿಸಲಿಲ್ಲ.

ಇಪ್ಪತ್ತನಾಲ್ಕರಂದು ಬೆಳಗ್ಗೆ ಏಳಕ್ಕೆ ತೊಟ್ಟಿ ಖಾಲಿಯಿತ್ತು. ಗುಂಡಪ್ಪ ಎಲ್ಲಿ ಎಂದು ನಿಹಾರಿಕಾ ಕೇಳಿದಳು. ನಿವೇದಿತಾ ಫೋನನ್ನು ಮುಖದ ಹತ್ತಿರ ತಂದು, ಹಲಿನಾ ಅಜ್ಜಿ ಅವನನ್ನು ಹಬ್ಬದ ಅಡುಗೆ ಮಾಡಿದರು, ನಾನು ತಿನ್ನುವುದಿಲ್ಲ, ಆದರೆ ಇಲ್ಲಿಯವರಿಗೆ ಅದು ಹಬ್ಬ ಎಂದು ನಿಧಾನವಾಗಿ ಹೇಳಿದಳು. ಮೊದಲೇ ನಿನಗೆ ಹೇಳಬೇಕಿತ್ತು, ಅದು ನನ್ನ ತಪ್ಪು ಎಂದೂ ಹೇಳಿದಳು. ಮಗಳು ಅಳಲಿಲ್ಲ. ಕುರ್ಚಿಯಿಂದಿಳಿದು ಮೇಜಿನ ಕೆಳಗೆ ಹೋಗಿ ಕುಳಿತಳು. ಎಷ್ಟು ಕರೆದರೂ ಹೊರಗೆ ಬರಲಿಲ್ಲ.

ಶಿವರಾಜ ಫೋನು ತೆಗೆದುಕೊಂಡು ಗರಾಜಿಗೆ ಹೋದ.

“ಹೊಳಿಗೆ ಬಿಟ್ವಿ ಅಂದಿದ್ರ ಏನ್ ಗಂಟು ಹೋಗ್ತಿತ್ತ ನಿಂದು?”

“ಆಕಿ ಕೇಳಿದ್ಲು. ಹೇಳಿದೆ.”

“ಐದು ವರ್ಷದ ಕೂಸದು.”

“ಇವತ್ತ ಮೀನಿನ ಸಲುವಾಗಿ ಸುಳ್ಳು ಹೇಳಿದ್ರ, ನಾಳೆ ನಾ ಬರ್ತೀನಿ ಅಂದಾಗ ಆಕಿ ಯಾಕ ನಂಬಬೇಕ್ರೀ? ನೀವು ಆಕಿಗೆ ಐದು ಶುಕ್ರವಾರ ಕೊಟ್ಟೀರಿ. ನಾ ಒಂದೂ ಕೊಟ್ಟಿಲ್ಲ.”

“ನಿನಗ ಅಂಜಿಕಿನೇ ಇಲ್ಲ ಬಿಡು. ಕುಣಕೊಂತ ಇದ್ದಿ ಅಲ್ಲೆ.”

“ಮುಂಜಾನೆ ಎದ್ದು, ಇವತ್ತ ಆಕಿಗೆ ಏನು ತೋರಸ್ಲಿ ಅಂತ ಹುಡುಕಲಿಕ್ಕೆ ಹೊಂಡ್ತೀನಿ. ಆ ಹುಡುಕೋ ಕೆಲಸ ಒಂದು ಇರದಿದ್ರ, ಹಾಸಿಗಿ ಬಿಟ್ಟು ಏಳಾಕ ಆಗಂಗಿಲ್ಲ ನನಗ.”

ಗರಾಜಿನ ಬಾಗಿಲಿನಾಚೆ ಮಂಜು ರಸ್ತೆಯ ದೀಪಗಳನ್ನೂ ನುಂಗಿ ನಿಂತಿತ್ತು.

ಅಂದಿನಿಂದ ನಿಹಾರಿಕಾ ಫೋನಿಗೆ ಬರಲಿಲ್ಲ. ಏಳು ಗಂಟೆಯಾಗುತ್ತಲೇ ಹೊದಿಕೆ ಎಳೆದುಕೊಂಡು ಮೇಜಿನ ಕೆಳಗೆ ಸೇರುತ್ತಿದ್ದಳು. ನಿವೇದಿತಾ ದಿನವೂ ಮಜಾ ತರುತ್ತಿದ್ದಳು; ಮೇಲೆ ಕುರ್ಚಿಯಲ್ಲಿ ಕೂತ ಬಂಗಾರೆವ್ವ, ಮೊಮ್ಮಗಳಿಗೆ ಕೇಳುವಷ್ಟು ಜೋರಾಗಿ ಅದನ್ನು ವರ್ಣಿಸುತ್ತಿದ್ದಳು. ಕೆಳಗಿನಿಂದ ಸದ್ದಿಲ್ಲ. ಒಂದು ದಿನ, ಎರಡು ದಿನ, ಒಂಬತ್ತು ದಿನ. ಅವನು ಯಾವುದಕ್ಕೆ ಹೆದರಿದ್ದನೋ ಅದು ಫೆಬ್ರವರಿ ಏಳರವರೆಗೂ ಕಾಯದೆ ಮನೆಯೊಳಗೆ ಬಂದು ಕೂತಿತ್ತು. ರಾತ್ರಿ ಊಟ ಸೇರದಾಯಿತು. ಆಫೀಸಿನ ಮೀಟಿಂಗಿನಲ್ಲಿ ಹೆಸರು ಕರೆದರೂ ಕೇಳಿಸದಾಯಿತು.

ಜನವರಿ ಎರಡರ ಬೆಳಗಿನ ಜಾವ ದೊಡ್ಡ ಮಳೆ ಶುರುವಾಯಿತು. ಗಾಳಿಗೆ ಹಿತ್ತಲಿನ ಬೇಲಿಯ ಹಲಗೆಗಳು ಒಂದೊಂದಾಗಿ ಕಿತ್ತು ಬಿದ್ದ ಸದ್ದು. ಆರೂವರೆಗೆ ಕರೆಂಟು ಹೋಯಿತು. ಹೀಟರು ನಿಂತು ಮನೆ ತಣ್ಣಗಾಗತೊಡಗಿತು. ಬಂಗಾರೆವ್ವ ಪೂಜೆಯ ದೀಪ ತಂದು ಮೇಜಿನ ಮೇಲಿಟ್ಟಳು. ಶಿವರಾಜ ಕತ್ತಲಲ್ಲೇ ಒಲೆಯ ಗುಂಡಿ ತಡವಿ ನೋಡಿದ, ಬಾಗಿಲು ನೋಡಿದ, ಮತ್ತೆ ಒಲೆ ನೋಡಿದ. ಫೋನಿನಲ್ಲಿ ಹದಿನೆಂಟು ಪರ್ಸೆಂಟು ಚಾರ್ಜು ಉಳಿದಿತ್ತು. ಮೇಜಿನ ಕೆಳಗಿನಿಂದ ಮಗಳ ದನಿ ಬಂತು. ಇವತ್ತು ಶುಕ್ರವಾರವಾ ಎಂದು ಕೇಳಿದಳು.

ಹೌದು ಎಂದ.

“ಮಮ್ಮಿ ಈಸ್ ಕಮಿಂಗ್?”

ಬರುವ ಶುಕ್ರವಾರ ಎಂಬ ಮಾತು ಅವನ ನಾಲಗೆಯ ತುದಿಯಲ್ಲೇ ಇತ್ತು. ಅವನು ಬಗ್ಗಿ, ಮೊಳಕಾಲೂರಿ, ದೊಡ್ಡ ಮೈಯನ್ನು ಮಡಚಿಕೊಂಡು ಮೇಜಿನ ಕೆಳಗೆ ಸರಿದ. ತಲೆ ಹಲಗೆಗೆ ಟಣ್ಣನೆ ಬಡಿಯಿತು.

“ಗೊತ್ತಿಲ್ಲ, ಪುಟ್ಟಿ,” ಎಂದ. “ನನಗ ಖರೇನೇ ಗೊತ್ತಿಲ್ಲ. ಶುಕ್ರವಾರ ಅಂತ ನಾ ಸುಮ್ನ ಹೇಳ್ತಿದ್ದೆ.”

“ವೈ?”

“ಅಂಜಿಕಿ ಆಗ್ತಿತ್ತು. ಈಗೂ ಆಗ್ತದ.”

ಅವಳು ಹೊದಿಕೆಯಿಂದ ಮುಖ ಹೊರಗೆ ತೆಗೆದು ಅವನನ್ನು ನೋಡಿದಳು. ಕತ್ತಲಿಗೂ ಅಂಜಿಕೆಯಾ ಎಂದು ಕೇಳಿದಳು. ಸ್ವಲ್ಪ ಎಂದ. ಗಾಳಿಗೆ? ಜಾಸ್ತಿ ಎಂದ. ಒಲೆಗೆ? ಮೇಲೆ ಕೂತಿದ್ದ ಬಂಗಾರೆವ್ವ, ಅವನಿಗಿಂತ ಮೊದಲೇ ಉತ್ತರ ಕೊಟ್ಟಳು.

“ಒಲಿಗೆ ಅಂಜೂ ಗಂಡಸನ್ನ ನಾ ಒಬ್ಬಾವನ್ನೇ ಹಡದೀನಿ, ತಂಗಿ.”

ಮೇಜಿನ ಕೆಳಗೆ ಮೊದಲು ಮೂಗಿನಿಂದ, ಆಮೇಲೆ ಬಾಯಿಂದ ನಗು ಬಂತು. ನಿಹಾರಿಕಾ ಹೊದಿಕೆಯ ಅರ್ಧವನ್ನು ಅಪ್ಪನ ಹೆಗಲಿಗೆ ಎಳೆದಳು. ಗಡಿಯಾರ ಏಳು ತೋರಿಸಿದಾಗ ಕೈಚಾಚಿ ಫೋನು ಕೇಳಿದಳು. ಇವತ್ತಿನ ಮಜಾ ತನ್ನ ಹತ್ತಿರ ಇದೆ ಎಂದಳು. ಪಪ್ಪಾ ಒಲೆಗೆ ಹೆದರುತ್ತಾನೆ, ಮೇಜಿನ ಕೆಳಗೆ ಅಡಗಿ ಕೂತಿದ್ದಾನೆ, ತಲೆ ಬಡಿದುಕೊಂಡ ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ತಾಯಿಗೆ ವರದಿ ಒಪ್ಪಿಸಿದಳು. ನಿವೇದಿತಾ ನಗಲು ಹೋಗಿ ಅತ್ತಳು. ಅಡಗಿಸಲಿಲ್ಲ, ಫೋನು ಪಕ್ಕಕ್ಕೆ ತಿರುಗಿಸಲೂ ಇಲ್ಲ. ಆಮೇಲೆ ತಾನೂ ಒಂದು ತೋರಿಸುವುದಿದೆ, ಒಂಬತ್ತು ದಿನದಿಂದ ಇಟ್ಟುಕೊಂಡಿದ್ದೇನೆ ಎಂದು ಎದ್ದು ಹೋಗಿ ಪಾಸ್‌ಪೋರ್ಟಿನ ಚರ್ಮದ ಕವರು ತಂದಳು. ಕವರಿನಲ್ಲಿ ಪಾಸ್‌ಪೋರ್ಟಿರಲಿಲ್ಲ. ಮಡಚಿದ ಕಾಗದವಿತ್ತು, ಕಾಗದದಲ್ಲಿ ಮೀನಿನ ಮೈಮೇಲಿನ, ಉಗುರಿನಷ್ಟಗಲದ ಒಂದು ಹುರುಪೆ. ಹಬ್ಬದ ಮೀನಿನ ಹುರುಪೆಯೊಂದನ್ನು ವರ್ಷವಿಡೀ ಜೊತೆಯಲ್ಲಿಟ್ಟುಕೊಂಡರೆ ಒಳ್ಳೆಯದಾಗುತ್ತದೆ ಎಂದು ಹಲಿನಾ ತೊಳೆದು ಕೊಟ್ಟಿದ್ದಳಂತೆ. ಮುಟ್ಟಲು ಮೊದಲು ಕೈ ಹಿಂದೆ ಸರಿಯಿತು, ಆಮೇಲೆ ಗುಂಡಪ್ಪನದಲ್ಲವೇ ಎಂದು ಇಟ್ಟುಕೊಂಡೆ ಎಂದಳು. ದೀಪಕ್ಕೆ ಹಿಡಿದಾಗ ಅದು ಮುತ್ತಿನ ಹಾಗೆ ಹೊಳೆಯಿತು. ನಿಹಾರಿಕಾ ಅದನ್ನು ಬಹಳ ಹೊತ್ತು ನೋಡಿ, ಬರುವಾಗ ಅದನ್ನು ತರಬೇಕು ಎಂದಳು. ಯಾವಾಗ ಎಂದು ಕೇಳಲಿಲ್ಲ. ಅಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು.

ಹೆದರಿಕೆಯೇನೂ ಹೋಗಲಿಲ್ಲ. ಜನವರಿ ಒಂದೊಂದೇ ದಿನವಾಗಿ ಸವೆಯಿತು. ಶಿವರಾಜ ಕ್ಯಾಲೆಂಡರಿನಲ್ಲಿ ಫೆಬ್ರವರಿ ಏಳನ್ನು ನೋಡದಿರಲು ಯತ್ನಿಸಿದ, ನೋಡಿದ. ಮಗಳು ಕೇಳಿದಾಗೆಲ್ಲ ಗೊತ್ತಿಲ್ಲ ಎಂದ. ಅವಳು ಅದಕ್ಕೆ ಹೊಂದಿಕೊಂಡ ರೀತಿ ಕಂಡು ಅವನಿಗೇ ಆಶ್ಚರ್ಯವಾಯಿತು. ಫೆಬ್ರವರಿ ಎರಡಕ್ಕೆ ಮುದ್ರೆ ಬಿತ್ತು. ಐದಕ್ಕೆ ಅವಳು ವಿಮಾನ ಹತ್ತಿದಳು. ಯಾವ ಮದುವೆಗೆಂದು ಇಷ್ಟೆಲ್ಲ ಮಾಡಿದ್ದರೋ, ಮಗಳನ್ನು ಮತ್ತೆ ಬಿಟ್ಟು ಆ ಮದುವೆಗೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಮೂವರೂ ಎರಡು ಗಂಟೆ ನಿಂತರು. ಆ ವಿಮಾನದವರೆಲ್ಲ ಬಂದು ಹೋದರು, ಅವಳು ಬರಲಿಲ್ಲ. ಶಿವರಾಜ ಮತ್ತೆ ಮತ್ತೆ ಗಡಿಯಾರ ನೋಡಿದ. ಮೀನಿನ ಹುರುಪೆ ತರಬೇಡ, ತನಿಖೆಯವರು ಹಿಡಿಯುತ್ತಾರೆ, ಅಲ್ಲೇ ಬಿಸಾಡು ಎಂದು ಹಿಂದಿನ ದಿನ ಅಂಗಲಾಚಿದ್ದ. ಈಗ ಹಿಡಿದಿದ್ದಾರೆ. ಒಂದು ಹುರುಪೆಗಾಗಿ ತಿರುಗಿ ಕಳಿಸುತ್ತಾರೆ. ಬಂಗಾರೆವ್ವ ಅವನ ತೋಳು ಹಿಡಿದು ಅಲ್ಲೇ ಇದ್ದ ಬೆಂಚಿನ ಮೇಲೆ ಕೂರಿಸಿದಳು.

ಬಾಗಿಲು ಸರಿಯಿತು. ಸಣಕಲಾಗಿದ್ದ ನಿವೇದಿತಾ ಗಾಡಿ ತಳ್ಳುತ್ತ ಬಂದಳು. ಅಧಿಕಾರಿ ಏನಾದರೂ ತಂದಿದ್ದೀರಾ ಎಂದಾಗ ಅವಳು ಇದ್ದದ್ದನ್ನು ಹೇಳಿದ್ದಳು. ಅವನು ಇನ್ನೊಬ್ಬನನ್ನು ಕರೆದ, ಆ ಇನ್ನೊಬ್ಬ ಬರುವುದಕ್ಕೇ ಗಂಟೆಯಾಯಿತು, ಇಬ್ಬರೂ ಕಾಗದ ಬಿಚ್ಚಿ ನೋಡಿ ಅವಳ ಕೈಗೇ ಕೊಟ್ಟರಂತೆ. ನಿಹಾರಿಕಾ ಓಡಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ತಾಯಿಯ ಬೂಟು, ಕೋಟು, ಮುಖ ನೋಡಿದಳು. ಆಮೇಲೆ ಅಂಗೈ ಚಾಚಿದಳು. ನಿವೇದಿತಾ ಮಂಡಿಯೂರಿ ಅದರಲ್ಲಿ ಹುರುಪೆ ಇಟ್ಟಳು. ಮಗಳು ಮುಷ್ಟಿ ಬಿಗಿದು, ಆ ಮುಷ್ಟಿಯ ಸಮೇತ ತಾಯಿಯ ಕೊರಳಿಗೆ ಜೋತುಬಿದ್ದಳು.

ದೇವರ ಗೂಡಿನ ಹತ್ತಿರ ಮಾತ್ರ ಅದು ಬರಕೂಡದೆಂದು ಬಂಗಾರೆವ್ವ ಕಾರಿನಲ್ಲೇ ಕಡ್ಡಿ ಮುರಿದಂತೆ ಹೇಳಿದಳು. ಹಾಗಾಗಿ ಗುಂಡಪ್ಪನ ಹುರುಪೆ ನಿಹಾರಿಕಾಳ ಪೆನ್ಸಿಲ್ ಡಬ್ಬಿಯ ಮುಚ್ಚಳದ ಒಳಗೆ, ಟೇಪಿನ ಕೆಳಗೆ ಇದೆ. ಶಿವರಾಜ ಈಗಲೂ ಬೆಳಗ್ಗೆ ಹೊರಡುವ ಮುನ್ನ ಒಲೆಯ ಗುಂಡಿ ಎರಡು ಸಲ ನೋಡುತ್ತಾನೆ, ಗರಾಜಿನ ಬಾಗಿಲು ಇಳಿಯುವವರೆಗೆ ಕಾಯುತ್ತಾನೆ. ಅದಕ್ಕೂ ಮೊದಲು, ಯಾರೂ ನೋಡದಾಗ, ಮಗಳ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಎತ್ತಿ ನೋಡಿ ಮತ್ತೆ ಒಳಗಿಡುತ್ತಾನೆ.