ತೆರೆಯದೆ ಟಿಕ್ ಹಾಕಿದ ಹಳದಿ ಕಾರ್ಡು

2014ರಲ್ಲಿ ನಾನು ನೈರೋಬಿಯ ಸಿಬಿಡಿ ಎಂಬ ನಡುಪೇಟೆಯಲ್ಲಿದ್ದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಕಾರ್ಪೊರೇಟ್ ವಿಭಾಗದ ಮುಖ್ಯಸ್ಥನಾಗಿದ್ದೆ. ಮೈಸೂರಿನಲ್ಲಿ ಭೂಗೋಳಶಾಸ್ತ್ರದ ಎಂ.ಎ. ಮುಗಿಸಿ, ಬೆಂಗಳೂರಿನ ಟಿಕೆಟ್ ಕೌಂಟರುಗಳಲ್ಲಿ ಒಂಬತ್ತು ವರ್ಷ ಕೂತು, ಆಮೇಲೆ ಅಲ್ಲಿಗೆ ಹೋದವನು. ಅದು ಅಲ್ಲಿ ನನ್ನ ನಾಲ್ಕನೇ ವರ್ಷ. ಕಂಪನಿಗಳು ಹೊರದೇಶಕ್ಕೆ ಕಳಿಸುವ ಜನರಿಗೆ ಟಿಕೆಟ್ ಮತ್ತು ವೀಸಾ ಮಾಡಿಸುವುದು, ಹೋಗುವ ಊರಿನ ಬಗ್ಗೆ ಎರಡು ಪುಟದ ಮಾಹಿತಿ ಬರೆದು ಕೊಡುವುದು ನನ್ನ ಕೆಲಸ. ಆ ಎರಡು ಪುಟಗಳ ಬಗ್ಗೆ ನನಗೆ ಸಾಕಷ್ಟು ಜಂಬವಿತ್ತು.

ಆಗ ನಾನು ದಿನವೂ ಡೈರಿ ಬರೆಯುತ್ತಿದ್ದೆ. ಈ ಪ್ರಸಂಗವನ್ನು ಬರೆಯಲು ಅದನ್ನು ತೆಗೆದು ನೋಡಿದಾಗ, ಎಷ್ಟೋ ಸಲ ಜನರಿಗೆ ಹೇಳಿಕೊಂಡು ಬಂದಿದ್ದ ಕಥೆಗೂ ಅಲ್ಲಿ ಬರೆದಿದ್ದಕ್ಕೂ ಕೆಲವು ಕಡೆ ಹೊಂದಿಕೆಯೇ ಇಲ್ಲ. ಹೊಂದದ ಜಾಗ ಬಂದಾಗ ಹೇಳುತ್ತೇನೆ. ಡೈರಿಯೇ ಸರಿ ಎಂದು ನಾನು ವಾದಿಸುವುದಿಲ್ಲ. ಅದನ್ನು ಬರೆದವನೂ ನಾನೇ ತಾನೆ.

ಆಗಸ್ಟ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಪೈಗಳು ಫೋನ್ ಮಾಡಿದರು. ಅವರು ಕುಂದಾಪುರದ ಕಡೆಯವರು, ನಮ್ಮ ಗ್ರಾಹಕರಾಗಿದ್ದ ಒಂದು ಟೆಲಿಕಾಂ ಕಂಪನಿಯ ಅಡ್ಮಿನ್ ಮ್ಯಾನೇಜರ್, ನೈರೋಬಿಯಲ್ಲಿ ಇಪ್ಪತ್ತು ವರ್ಷ ಕಳೆದವರು. ಅವರ ಕಂಪನಿಯ ಎಂಜಿನಿಯರ್ ಪ್ರಕಾಶ್ ಎಂಬುವನು ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪಕ್ಕೆ ಉಪಗ್ರಹ ಕೇಂದ್ರವೊಂದನ್ನು ಕೂರಿಸಲು ಹೋಗಿದ್ದ. ಶನಿವಾರ ಕಂಟೇನರಿನಿಂದ ಆಂಟೆನಾದ ಪೀಠವನ್ನು ಇಳಿಸುವಾಗ ಅದು ಜಾರಿ ಅವನ ಎಡಗಾಲಿನ ಮೇಲೆ ಬಿದ್ದಿತ್ತು. ದ್ವೀಪದ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿರುವುದು ಒಂದೇ ಆಸ್ಪತ್ರೆ, ಶಸ್ತ್ರಚಿಕಿತ್ಸೆ ಮಾಡುವವರು ಒಬ್ಬರೇ. ಹೆಸರು ಬರೆದರೆ ಅವರು ಯಾರೆಂದು ಗೊತ್ತಾಗಿಬಿಡುತ್ತದೆ.

ಮಧ್ಯಾಹ್ನದ ಹೊತ್ತಿಗೆ ಪೈಗಳು ಪ್ರಕಾಶನ ಹೆಂಡತಿ ಶೋಭಾಳನ್ನು ಕರೆದುಕೊಂಡು ಬಂದರು. ಇಪ್ಪತ್ತೊಂಬತ್ತು ವರ್ಷ, ಬೆಂಗಳೂರಿನ ಹುಡುಗಿ, ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ಮನೆ. ಅಳುತ್ತಿರಲಿಲ್ಲ. ಕೂತ ಕುರ್ಚಿಯ ಅಂಚಿನಲ್ಲೇ ಇದ್ದಳು, ಬೆನ್ನು ಒರಗಿಸಲಿಲ್ಲ.

"ಪಾದದ ಮೂಳೆ ಪುಡಿಯಾಗಿದೆಯಂತೆ ಸಾರ್, ಸೋಂಕು ಶುರುವಾಗಿದೆಯಂತೆ," ಎಂದಳು. "ಡಾಕ್ಟರ್ ಕತ್ತರಿಸಬೇಕು ಅಂತಿದಾರೆ. ಇವನು ನಾನು ಬರೋವರೆಗೂ ಸಹಿ ಹಾಕಲ್ಲ ಅಂತ ಕೂತಿದಾನೆ."

ಇನ್ಶೂರೆನ್ಸ್‌ನವರ ಏರ್ ಆಂಬುಲೆನ್ಸ್ ಬರುವುದು ಯಾವಾಗ ಎಂದು ಯಾರಿಗೂ ಖಾತ್ರಿ ಇರಲಿಲ್ಲ. ಹಾಗಾಗಿ ಎಲ್ಲವೂ ಇವಳು ಅಲ್ಲಿಗೆ ಎಷ್ಟು ಬೇಗ ಮುಟ್ಟುತ್ತಾಳೆ ಎಂಬುದರ ಮೇಲೆ ನಿಂತಿತ್ತು.

ಆಸ್ಟ್ರೇಲಿಯಾದ ಒಂದು ನಗರದಿಂದ ಆ ದ್ವೀಪಕ್ಕೆ ವಾರಕ್ಕೆ ಎರಡೇ ವಿಮಾನ, ಮಂಗಳವಾರ ಮತ್ತು ಶುಕ್ರವಾರ. ಮಂಗಳವಾರದ್ದು ಕೈಗೆ ಸಿಗುವಂತಿರಲಿಲ್ಲ. ಬುಧವಾರ ಸಂಜೆ ನೈರೋಬಿ ಬಿಟ್ಟರೆ ಗುರುವಾರ ರಾತ್ರಿ ಆಸ್ಟ್ರೇಲಿಯಾ, ಶುಕ್ರವಾರ ಮಧ್ಯಾಹ್ನ ದ್ವೀಪ. ಆಸ್ಟ್ರೇಲಿಯಾದಲ್ಲಿ ವಿಮಾನ ಬದಲಿಸುವುದಕ್ಕೂ ಭಾರತೀಯ ಪಾಸ್‌ಪೋರ್ಟಿಗೆ ಟ್ರಾನ್ಸಿಟ್ ವೀಸಾ ಬೇಕು, ಅದರ ಮೇಲೆ ಎಪ್ಪತ್ತೆರಡು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ನಾನು ಅವಳ ಕಾಗದಗಳನ್ನೆಲ್ಲ ತೆಗೆದುಕೊಂಡು ಪಟ್ಟಿಯೊಂದಿಗೆ ಹೋಲಿಸುತ್ತ ಹೋದೆ. ಪಾಸ್‌ಪೋರ್ಟ್, ಮದುವೆಯ ಪ್ರಮಾಣಪತ್ರ, ಆಸ್ಪತ್ರೆಯ ಪತ್ರ, ಹಿಂತಿರುಗುವ ಟಿಕೆಟ್, ಹಳದಿ ಕಾರ್ಡು.

ಹಳದಿ ಕಾರ್ಡು ಎಂದರೆ ಯೆಲ್ಲೋ ಫೀವರ್ ಲಸಿಕೆಯ ಪುಸ್ತಕ. ಕೆನ್ಯಾ ಆ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ಕಾರ್ಡಿಲ್ಲದೆ ಅಲ್ಲಿಂದ ಭಾರತಕ್ಕೆ ಹೋದರೆ ವಿಮಾನ ನಿಲ್ದಾಣದಿಂದಲೇ ಆರು ದಿನ ಕ್ವಾರಂಟೀನ್. ಅದಕ್ಕೆ ಹೆದರಿ ನೈರೋಬಿಯ ಭಾರತೀಯರು ಪಾಸ್‌ಪೋರ್ಟಿಗೂ ಹಳದಿ ಪುಸ್ತಕಕ್ಕೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಾರೆ. ಊರಿಂದ ಬಂದ ಮೊದಲ ತಿಂಗಳೇ ಲಸಿಕೆ ಹಾಕಿಸಿಕೊಳ್ಳುವುದು ನಮ್ಮವರಲ್ಲಿ ಗ್ಯಾಸ್ ಸಿಲಿಂಡರ್ ತರುವಷ್ಟೇ ಮಾಮೂಲಿ. ನಾಲ್ಕು ವರ್ಷದಲ್ಲಿ ನಮ್ಮವರ ನೂರಾರು ಕಾರ್ಡು ನೋಡಿದ್ದೆ. ಒಂದರಲ್ಲೂ ತೊಂದರೆ ಇರಲಿಲ್ಲ. ಶೋಭಾಳ ಪಾಸ್‌ಪೋರ್ಟಿಗೂ ರಬ್ಬರ್ ಬ್ಯಾಂಡ್ ಇತ್ತು, ಹಳದಿ ಪುಸ್ತಕವಿತ್ತು. ನಾನು ಅದನ್ನು ತೆರೆಯಲಿಲ್ಲ. ಪಟ್ಟಿಯಲ್ಲಿ ಟಿಕ್ ಹಾಕಿದೆ.

ಮುಂದಿನ ಎರಡು ದಿನ ನಾನು ನೆಟ್ಟಗೆ ಕೂತ ನೆನಪಿಲ್ಲ. ವೀಸಾ ಕಚೇರಿಗೆ ಮೂರು ಸಲ ಹೋದೆ. ನಮ್ಮ ಟಿಕೆಟಿಂಗ್ ನೋಡಿಕೊಳ್ಳುತ್ತಿದ್ದ ವಾಂಜಿಕು ಒಂದೊಂದು ವಿಮಾನದ ಸೀಟನ್ನೂ ಬಿಡದಂತೆ ಹಿಡಿದಿಟ್ಟಳು. ಮಂಗಳವಾರ ಸಂಜೆ ಟ್ರಾನ್ಸಿಟ್ ವೀಸಾ ಬಂತು. ರಾತ್ರಿ ಮನೆಯಲ್ಲಿ ಕೂತು ಮಾಹಿತಿ ಪುಟ ಬರೆದೆ. ಆಸ್ಟ್ರೇಲಿಯನ್ ಡಾಲರ್ ನಗದು ಒಯ್ಯಿರಿ, ಅಲ್ಲಿ ಎಟಿಎಂ ನಂಬುವಂತಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಕುಡಿಯುವ ನೀರು ಮಳೆನೀರಿನ ಟ್ಯಾಂಕಿನದು, ಕುದಿಸಿ ಕುಡಿಯಿರಿ. ಸಸ್ಯಾಹಾರ ಸಿಗುವುದು ಕಷ್ಟ, ಅವಲಕ್ಕಿ ಚಟ್ನಿಪುಡಿಯಂಥದ್ದನ್ನು ಸೀಲ್ ಮಾಡಿ ಒಯ್ದು ಕಸ್ಟಮ್ಸ್‌ನಲ್ಲಿ ತಪ್ಪದೆ ತೋರಿಸಿ. ವಸತಿಗೆ ಎರಡೇ ಲಾಡ್ಜ್, ಆಸ್ಪತ್ರೆಗೆ ಹತ್ತಿರದ್ದು ಇದು. ಚೆನ್ನಾಗಿ ಬರೆದಿದ್ದೇನೆ ಅಂತ ಅವತ್ತಿನ ಡೈರಿಯಲ್ಲೂ ಬರೆದುಕೊಂಡಿದ್ದೇನೆ. ಆ ವಾಕ್ಯವನ್ನು ಈಗ ಓದಿದರೆ ಮೈ ಉರಿಯುತ್ತದೆ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಶೋಭಾ ಮತ್ತು ಪೈಗಳು ಟಿಕೆಟ್ ಪಡೆಯಲು ಬಂದರು. ನಾನು ಪುಟವನ್ನು ಒಂದೊಂದೇ ಸಾಲಾಗಿ ಓದಿ ಹೇಳುತ್ತಿದ್ದೆ. ದ್ವೀಪದಲ್ಲಿ ಇಳಿದ ಕೂಡಲೇ ಆರೋಗ್ಯಾಧಿಕಾರಿಗೆ ಹಳದಿ ಕಾರ್ಡು ತೋರಿಸಬೇಕು ಎಂದಾಗ ಅವಳು ತಲೆಯೆತ್ತಿದಳು.

"ನಾನು ಇಂಜೆಕ್ಷನ್ ತಗೊಂಡಿಲ್ವಲ್ಲ ಸಾರ್. ಡಾಕ್ಟರ್ ಲೆಟರ್ ಇದೆ. ಸೋಮವಾರನೇ ಹೇಳಿದ್ನಲ್ಲ?"

ಪುಸ್ತಕ ತೆರೆದೆ. ಲಸಿಕೆಯ ಪುಟ ಖಾಲಿ. ಹಿಂದಿನ ಪುಟದಲ್ಲಿ ನೈರೋಬಿಯ ವೈದ್ಯರೊಬ್ಬರ ಮೊಹರು: ವೈದ್ಯಕೀಯ ಕಾರಣಕ್ಕೆ ಲಸಿಕೆ ಕೊಟ್ಟಿಲ್ಲ, ಮೊಟ್ಟೆಯ ತೀವ್ರ ಅಲರ್ಜಿ. ಆ ಲಸಿಕೆಯನ್ನು ಮೊಟ್ಟೆಯಲ್ಲಿ ಬೆಳೆಸುತ್ತಾರೆ, ಅಂಥವರಿಗೆ ಚುಚ್ಚುವಂತಿಲ್ಲ.

"ಮೊಟ್ಟೆ ಮುಟ್ಟದ ಮನೆಯ ಹುಡುಗಿಗೆ ಮೊಟ್ಟೆ ಅಲರ್ಜಿ ಅಂತ ಗೊತ್ತಾದದ್ದಾದ್ರೂ ಹೇಗೆ ಮಾರಾಯ್ರೇ?" ಎಂದು ಪೈಗಳು ಕೇಳಿದರು. ತಮಾಷೆಯ ದನಿಯಲ್ಲ, ನಿಜವಾಗಿಯೇ ತಬ್ಬಿಬ್ಬಾಗಿದ್ದರು.

"ಪಕ್ಕದ ಮನೆ ಬರ್ತ್‌ಡೇ ಕೇಕ್ ಅಂಕಲ್. ಎರಡನೇ ಕ್ಲಾಸು. ಉಸಿರೇ ನಿಂತುಹೋಗಿತ್ತಂತೆ."

ಸೋಮವಾರ ಅವಳು ಹೇಳಿದ್ದಳೇ? ನನ್ನ ನೆನಪಿನಲ್ಲಿ ಇಲ್ಲ. ಬಹಳ ವರ್ಷ ನಾನು ಈ ಕಥೆಯನ್ನು "ಅವಳು ಹೇಳಲು ಮರೆತಿದ್ದಳು, ಪಾಪ" ಎಂದೇ ಹೇಳುತ್ತಿದ್ದೆ. ಡೈರಿಯಲ್ಲಿ ಸೋಮವಾರದ ಪುಟದಲ್ಲಿ, ಅವಳು ಎದುರಿಗೆ ಕೂತಿದ್ದ ಗಂಟೆಯಲ್ಲಿ ನಾನು ಮಾತಾಡಿದ ನಾಲ್ಕು ಫೋನ್ ಕರೆಗಳ ಪಟ್ಟಿ ಇದೆ. ಅವಳು ಹೇಳಿದ್ದೇನು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ.

ದ್ವೀಪದ ಆರೋಗ್ಯ ಇಲಾಖೆಗೆ ಫೋನ್ ಮಾಡಿದೆವು. ಅಲ್ಲಿ ಸಂಜೆಯಾಗಿತ್ತು, ಆದರೂ ಒಬ್ಬ ಹೆಂಗಸು ಎತ್ತಿಕೊಂಡರು. ಬಹಳ ಮೃದುವಾಗಿ, ಒಂದಿಂಚೂ ಬಗ್ಗದೆ ಹೇಳಿದರು: ಪತ್ರವನ್ನು ಒಪ್ಪುತ್ತೇವೆ, ಆದರೆ ಅಪಾಯದ ಪಟ್ಟಿಯ ದೇಶ ಬಿಟ್ಟು ಆರು ದಿನ ಪೂರ್ತಿಯಾಗಿರಬೇಕು. ಇಲ್ಲದಿದ್ದರೆ ಬಂದ ವಿಮಾನದಲ್ಲೇ ವಾಪಸ್.

ಪೈಗಳು ನನ್ನನ್ನು ಕಾರಿಡಾರಿಗೆ ಕರೆದರು.

"ನೋಡಿ, ನನಗೊಬ್ಬ ಗೊತ್ತು. ಒಂದು ಗಂಟೆ ಕೆಲಸ. ಹೋದ ತಿಂಗಳ ತಾರೀಕು ಹಾಕಿ ಮೊಹರು ಒತ್ತಿ ಕೊಡ್ತಾನೆ. ಎಷ್ಟು ಜನ ಹಾಗೆ ಊರಿಗೆ ಹೋಗಿ ಬಂದಿಲ್ಲ? ಇದು ಒಬ್ಬನ ಕಾಲಿನ ಪ್ರಶ್ನೆ ಮಾರಾಯ್ರೇ."

ನಾನು ಕೂಡಲೇ ಬೇಡ ಎಂದೆ ಎಂದು ಇಲ್ಲಿ ಬರೆಯಬಹುದಿತ್ತು. ಹಾಗೆ ಆಗಲಿಲ್ಲ. ಕಾರಿಡಾರಿನ ಆ ತುದಿಯಿಂದ ಈ ತುದಿಗೆ ನಡೆದೆ. ಕೆಳಗೆ ಬೀದಿಯಲ್ಲಿ ಮಟಾಟು ವ್ಯಾನುಗಳ ಹಾರ್ನ್ ಕಿವಿ ಕೊರೆಯುತ್ತಿತ್ತು. ತಪ್ಪು ನನ್ನದು, ಸುಳ್ಳು ಮೊಹರಿನಿಂದ ಅದು ಒಂದು ಗಂಟೆಯಲ್ಲಿ ಅಳಿಸಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ನನಗೆ ಹೊಳೆದಿತ್ತು. ಪ್ರಕಾಶನ ಕಾಲಿಗಿಂತ ಮೊದಲು ಹೊಳೆದದ್ದು ಅದು.

ನಿಲ್ಲಿಸಿದ್ದು ವಾಂಜಿಕು. ಬಾಗಿಲಲ್ಲಿ ನಿಂತು, ಪೈಗಳ ಕನ್ನಡದಲ್ಲಿ ಒಂದಕ್ಷರ ತಿಳಿಯದಿದ್ದರೂ ಮುಖ ನೋಡಿಯೇ ಅರ್ಥ ಮಾಡಿಕೊಂಡಿದ್ದಳು. "ಬಾಸ್, ಈಗಷ್ಟೇ ಆ ಅಧಿಕಾರಿಗೆ ಶೋಭಾ ಅವರ ಹೆಸರು ಹೇಳಿದಿರಿ. ಲಸಿಕೆ ಇಲ್ಲ ಅಂತಲೂ ಹೇಳಿದಿರಿ," ಎಂದು ಇಂಗ್ಲಿಷಿನಲ್ಲಿ ಅಂದಳು. ಅಷ್ಟೇ. ನನ್ನ ಪ್ರಾಮಾಣಿಕತೆ ಆ ದಿನ ಇದ್ದದ್ದು ಅಷ್ಟರಮಟ್ಟಿಗೆ.

ಒಳಗೆ ಬಂದು ಲೆಕ್ಕ ಹಾಕಿದೆವು. ಆರು ದಿನ ಕಳೆಯುವುದು ಎಲ್ಲಿ? ಟ್ರಾನ್ಸಿಟ್ ವೀಸಾದ ಮೇಲೆ ಆಸ್ಟ್ರೇಲಿಯಾದಲ್ಲಿ ಆಗದು. ಬೇರೆ ದೇಶಕ್ಕೆ ವೀಸಾ ಪಡೆಯಲು ಹೊತ್ತಿಲ್ಲ. ವೀಸಾ ಇಲ್ಲದೆ ಹೋಗಬಹುದಾದ, ದಾರಿಯಲ್ಲೇ ಸಿಗುವ ದೇಶ ಅವಳಿಗೆ ಒಂದೇ, ಭಾರತ. ನೈರೋಬಿಯ ನಮ್ಮ ಜನ ಯಾವುದಕ್ಕೆ ಹೆದರಿ ಕಾರ್ಡು ಮಾಡಿಸುತ್ತಾರೋ ಆ ಕ್ವಾರಂಟೀನಿಗೇ ಇವಳನ್ನು ಬೇಕೆಂದೇ ಕಳಿಸುವುದು. ಮುಂಬೈಯಲ್ಲಿ ಆರು ದಿನ ಇಟ್ಟುಕೊಂಡು ಬಿಡುಗಡೆ ಪತ್ರ ಕೊಡುತ್ತಾರೆ, ಅದೇ ಅವಳ ಸಾಕ್ಷಿ. ಮುಂದಿನ ಬುಧವಾರ ರಾತ್ರಿ ಅಲ್ಲಿಂದ ಹೊರಟರೆ ಶುಕ್ರವಾರ ದ್ವೀಪ. ಅಂದರೆ ಸರಿಯಾಗಿ ಒಂದು ವಾರ ತಡ.

"ಜೈಲಾ ಸಾರ್ ಅದು?"

"ಅಲ್ಲಮ್ಮ. ಊಟ ಕೊಡ್ತಾರೆ. ಫೋನ್ ಇಟ್ಕೋಬಹುದು. ಹೊರಗೆ ಬಿಡಲ್ಲ, ಅಷ್ಟೇ."

ಅವಳು ನನ್ನ ಮೇಜಿನ ಫೋನಿನಿಂದಲೇ ಆಸ್ಪತ್ರೆಗೆ ಕರೆ ಮಾಡಿಸಿದಳು. ನಾವು ಎದ್ದು ಹೊರಡಲು ನೋಡಿದರೆ ಕೂತುಕೊಳ್ಳಿ ಎಂದು ಕೈ ತೋರಿಸಿ ಸ್ಪೀಕರ್ ಒತ್ತಿದಳು. ಒಂದು ಮಾತು ಹೋಗಿ ಉತ್ತರ ಬರಲು ಎರಡು ಮೂರು ಸೆಕೆಂಡು ಹಿಡಿಯುತ್ತಿತ್ತು.

"ಪ್ರಕಾಶ್, ನಾನು ಈ ಶುಕ್ರವಾರ ಬರಕ್ಕಾಗಲ್ಲ. ಮುಂದಿನ ಶುಕ್ರವಾರ."

ಅವನ ದನಿ ಬಂತು, ಜ್ವರದಲ್ಲಿ ತೊದಲುತ್ತ: "ಸರಿ. ಕಾಯ್ತೀನಿ."

"ಕಾಯ್ಬೇಡ. ಈಗ್ಲೇ ಸಹಿ ಹಾಕು."

"ನೀನು ಬಂದು ನೋಡು ಮೊದಲು. ಇವರು ಸುಮ್ನೆ ಅರ್ಜೆಂಟ್ ಮಾಡ್ತಿದಾರೆ. ಬೆರಳು ಅಲ್ಲಾಡುತ್ತೆ ಕಣೇ."

"ನಾನೇನು ಡಾಕ್ಟ್ರಾ ಬಂದು ನೋಡಕ್ಕೆ? ಕಾಲು ನಿಂದೇ, ಒಪ್ಪಿದೆ. ಆದ್ರೆ ನಾನು ಬಂದಾಗ ನೀನು ಇರ್ಬೇಕು. ಫೋನ್ ನರ್ಸ್ ಕೈಗೆ ಕೊಡು, ನೀನು ಸಹಿ ಹಾಕಿದೆ ಅಂತ ಅವರು ಹೇಳೋವರೆಗೂ ನಾನು ಇಡಲ್ಲ."

ಹನ್ನೊಂದು ನಿಮಿಷ ಹಿಡಿಯಿತು. ಡೈರಿಯಲ್ಲಿ ಹಾಗಿದೆ. ನನ್ನ ನೆನಪಿನಲ್ಲಿ ಅದು ಅರ್ಧ ಗಂಟೆ. ಆ ತುದಿಯಿಂದ ನರ್ಸ್ ಆಯಿತು ಎಂದ ಮೇಲೆ ಶೋಭಾ ರಿಸೀವರ್ ಇಟ್ಟು, ಕುರ್ಚಿಗೆ ಮೊದಲ ಸಲ ಬೆನ್ನು ಕೊಟ್ಟಳು. ವಾಂಜಿಕು "ಪೋಲೆ, ಪೋಲೆ ಸಾನಾ" ಎಂದು ಸ್ವಾಹಿಲಿಯಲ್ಲಿ ಸಂತೈಸುತ್ತ ಅವಳ ಭುಜ ಹಿಡಿದುಕೊಂಡಳು. ಪೈಗಳು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಅಂದು ಸಂಜೆ ಅವಳು ಮುಂಬೈಗೆ ಹೊರಟಳು. ನಾಲ್ಕನೇ ದಿನ ಮೆಸೇಜ್ ಬಂತು: "ಇಲ್ಲಿ ನಾನೊಬ್ಳೇ ಹೆಂಗಸು ಸಾರ್. ಉಪ್ಪಿಟ್ಟು ಪರವಾಗಿಲ್ಲ. ಆಪರೇಶನ್ ಆಯ್ತು, ಮಂಡಿ ಕೆಳಗೆ ತೆಗೆದಿದಾರೆ. ಜ್ವರ ಇಳಿದಿದೆ." ಮುಂದಿನ ಶುಕ್ರವಾರ ಬಿಡುಗಡೆ ಪತ್ರ ತೋರಿಸಿ ದ್ವೀಪದಲ್ಲಿ ಇಳಿದಳು. ಇಪ್ಪತ್ತು ದಿನದ ನಂತರ ಇಬ್ಬರೂ ಒಟ್ಟಿಗೆ ಅಲ್ಲಿಂದ ಹೊರಟರು.

ಮಂಡಿ ಕೆಳಗೆ ಎಂಬ ಮಾತು ನನ್ನನ್ನು ಬಿಡಲಿಲ್ಲ. ಸೋಮವಾರ ಮಾತಾಡುತ್ತಿದ್ದದ್ದು ಪಾದದ ಬಗ್ಗೆ. ನಾನು ಸೋಮವಾರ ಆ ಪುಸ್ತಕ ತೆರೆದಿದ್ದರೆ ಹನ್ನೊಂದು ನಿಮಿಷದ ಆ ಕರೆ ಸೋಮವಾರವೇ ಆಗುತ್ತಿತ್ತು. ಎರಡು ದಿನದಲ್ಲಿ ಸೋಂಕು ಎಷ್ಟು ಏರುತ್ತದೆ ಎಂದು ಪರಿಚಯದ ವೈದ್ಯರೊಬ್ಬರನ್ನು ಕೇಳಿದೆ. ರೋಗಿಯನ್ನು ನೋಡದೆ ಹೇಳಲಾರೆ ಎಂದರು. ಅದು ಸಮಾಧಾನವೋ ಅಲ್ಲವೋ ತಿಳಿಯಲಿಲ್ಲ.

ಮುಂದಿನ ವರ್ಷ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಹೋಗುವ ಟಿಕೆಟಿಗೆಂದು ಬಂದರು. ಪ್ರಕಾಶ ಕೃತಕ ಕಾಲಿನ ಮೇಲೆ ನಮ್ಮ ಕಚೇರಿಯ ಮೆಟ್ಟಿಲುಗಳನ್ನು ತಾನೇ ಹತ್ತಿದ. ದ್ವೀಪದ ಡಾಕ್ಟರು ಆಮೇಲೆ ಹೇಳಿದ್ದನ್ನು ಅವನೇ ತಿಳಿಸಿದ: ಎರಡು ದಿನ ಮೊದಲಾಗಿದ್ದರೆ ಪಾದದ ಹತ್ತಿರವೇ ನಿಲ್ಲಿಸಬಹುದಿತ್ತೇನೋ ಎಂದು. ಅದನ್ನು ಕೇಳಿದ ಮೇಲೆ ನಾನು ಸುಮ್ಮನಿರಲಾರದೆ ಎಲ್ಲವನ್ನೂ ಹೇಳಿದೆ. ಟಿಕ್ ಹಾಕಿದ್ದು, ತೆರೆಯದೆ ಇದ್ದದ್ದು.

ಪ್ರಕಾಶ ನಕ್ಕ. "ಬಿಡಿ ಸಾರ್. ನೀವು ಸೋಮವಾರ ಹೇಳಿದ್ರೂ ನಾನು ಸಹಿ ಹಾಕ್ತಿದ್ನೋ ಇಲ್ವೋ, ನನಗೇ ಗೊತ್ತಿಲ್ಲ. ಬರೀ ಮೊಂಡ ನಾನು."

"ನನಗೆ ಗೊತ್ತು," ಎಂದಳು ಶೋಭಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಸೋಮವಾರ ಗೊತ್ತಾಗಿದ್ರೆ ಸೋಮವಾರನೇ ಹಾಕಿಸ್ತಿದ್ದೆ."

ಪ್ರಕಾಶ ಮಾತು ಬದಲಿಸಲು ಕಿಟಕಿ ಪಕ್ಕದ ಸೀಟು ಕೇಳಿದ. ಕೊಟ್ಟೆ.

ಆಮೇಲೆ ನನ್ನ ಕೆಲಸದಲ್ಲಿ ನಾನು ಬದಲಿಸಿದ್ದು ಎರಡು ಸಂಗತಿ. ಪ್ರಯಾಣಿಕರು ಎದುರಿಗೆ ಕೂತಿರುವಾಗ ಫೋನ್ ಎತ್ತುವುದನ್ನು ನಿಲ್ಲಿಸಿದೆ. ಮತ್ತು ನನ್ನ ಮಾಹಿತಿ ಪುಟಗಳ ಮೊದಲ ಭಾಗಕ್ಕೆ "ನಿಮ್ಮನ್ನು ಅಲ್ಲಿ ಇಳಿಯಲು ಬಿಡದಿರಬಹುದಾದ ಕಾರಣಗಳು" ಎಂದು ಹೆಸರಿಟ್ಟೆ. ರಜೆಗೆ ಹೊರಟ ಗ್ರಾಹಕರಿಗೆ ಅದು ಇಷ್ಟವಾಗುತ್ತಿರಲಿಲ್ಲ, ಬೀಚು ಲಾಡ್ಜುಗಳ ವಿಷಯ ಮೊದಲು ಹಾಕಿ ಎಂದು ಮಾಲೀಕರೂ ಹೇಳಿ ನೋಡಿದರು. ಜನರನ್ನು ಊರು ಮುಟ್ಟಿಸುವುದಷ್ಟೇ ಈ ಕೆಲಸ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಮುಟ್ಟಲಾಗದು ಎಂಬುದನ್ನು ಅವರಿಗೆ ಮೊದಲ ದಿನವೇ ಹೇಳಿದರೆ, ಅವರು ಉಳಿದ ದಿನಗಳನ್ನು ಬೇರೆ ಏನಕ್ಕಾದರೂ ಬಳಸಿಕೊಳ್ಳುತ್ತಾರೆ.